ಸಿಲಿಕಾ, ಸಿಲಿಕಾನ್, ಸಿಲಿಕೋನ್, ಸಿಲಿಕೋಸಿಸ್: ಒಂದೇ ಮೂಲದ ನಾಲ್ಕು ಹೆಸರು

ಪಾತ್ರೆ ಅಂಗಡಿಗೆ ಹೋದರೆ ‘ಸಿಲಿಕಾನ್ ಸೌಟು’ ಸಿಗುತ್ತದೆ. ಹೊಸ ಶೂ ಡಬ್ಬಿ ತೆರೆದರೆ ಒಳಗಿನ ಪುಟ್ಟ ಪೊಟ್ಟಣದ ಮೇಲೆ ‘ಸಿಲಿಕಾ ಜೆಲ್’ ಎಂದು ಬರೆದಿರುತ್ತದೆ. ಬೆಂಗಳೂರನ್ನು ಎಲ್ಲರೂ ಸಿಲಿಕಾನ್ ಸಿಟಿ ಅಂತಾರೆ. ಕಲ್ಲು ಕ್ವಾರಿ ಕಾರ್ಮಿಕರ ಸುದ್ದಿ ಬಂದಾಗ ‘ಸಿಲಿಕೋಸಿಸ್’ ಎಂಬ ಕಾಯಿಲೆಯ ಹೆಸರು ಕಣ್ಣಿಗೆ ಬೀಳುತ್ತದೆ. ಎಲ್ಲವೂ ‘ಸಿಲಿ’ ಎಂದೇ ಶುರು. ಬೇಗ ಬೇಗ ಓದುವಾಗ ಒಂದರ ಬದಲು ಇನ್ನೊಂದು ತಲೆಯಲ್ಲಿ ಕೂರುತ್ತದೆ.

ಆ ಸೌಟಿನ ಮೇಲಿನ ಹೆಸರೇ ತಪ್ಪು. ಅದು ಸಿಲಿಕಾನ್ ಅಲ್ಲ, ಸಿಲಿಕೋನ್. ಸಿಲಿಕಾನ್‌ನಿಂದ ಸೌಟು ಮಾಡಿದರೆ ಒಂದು ಸಲ ಕೈಜಾರಿ ಬಿದ್ದರೂ ಗಾಜಿನ ಹಾಗೆ ಚೂರಾಗುತ್ತದೆ. ಸಿಲಿಕೋನ್ ಬಾಗುತ್ತದೆ, ಬಳುಕುತ್ತದೆ, ಬಿಸಿ ತಡೆಯುತ್ತದೆ. ಒಂದು ಅಕ್ಷರ ಬದಲಾದರೆ ವಸ್ತುವೇ ಬದಲು.

ಅಕ್ಷರ ಹೊಂದಿದ ಮಾತ್ರಕ್ಕೆ ಸಂಬಂಧ ಇದ್ದೇ ಇರಬೇಕು ಅಂತೇನಿಲ್ಲ. ಗ್ಯಾಸ್ ಸಿಲಿಂಡರ್ ಕೂಡ ‘ಸಿಲಿ’ ಎಂದೇ ಶುರುವಾಗುತ್ತದೆ, ಪಶ್ಚಿಮ ಬಂಗಾಳದ ಸಿಲಿಗುರಿ ಊರೂ ಅಷ್ಟೆ. ಅವುಗಳಿಗೂ ನಮ್ಮ ವಿಷಯಕ್ಕೂ ಯಾವ ನಂಟೂ ಇಲ್ಲ. ಆದರೆ ಈ ನಾಲ್ಕು ಹೆಸರುಗಳ ನಂಟು ನಿಜವಾದದ್ದು. ನಾಲ್ಕರಲ್ಲೂ ಇರುವುದು ಒಂದೇ ಮೂಲವಸ್ತುವಿನ ಪರಮಾಣು. ಅದು ಯಾರ ಜೊತೆ ಸೇರಿದೆ, ಹೇಗೆ ಜೋಡಣೆಯಾಗಿದೆ, ಎಷ್ಟು ಸಣ್ಣದಾಗಿ ಪುಡಿಯಾಗಿದೆ ಎಂಬುದರ ಮೇಲೆ ಅದು ಕಂಪ್ಯೂಟರಿನ ಚಿಪ್ ಆಗಬಹುದು, ಮಗು ಚೀಪುವ ಬಾಟಲಿಯ ನಿಪ್ಪಲ್ ಆಗಬಹುದು, ಮನುಷ್ಯನ ಶ್ವಾಸಕೋಶವನ್ನು ಕೊಲ್ಲುವ ಧೂಳೂ ಆಗಬಹುದು. ಮೊದಲ ಮೂರನ್ನು ನಾವು ದಿನಾ ಬಳಸುತ್ತೇವೆ. ನಾಲ್ಕನೆಯದರ ಬಗ್ಗೆ ನಮಗೆ ಗೊತ್ತಿರುವುದು ತೀರಾ ಕಡಿಮೆ. ಈ ಲೇಖನ ಬರೆಯಲು ಮುಖ್ಯ ಕಾರಣವೂ ಅದೇ.

ಸಿಲಿಕಾದಿಂದ ಶುರು ಮಾಡೋಣ, ಉಳಿದ ಮೂರೂ ಹುಟ್ಟುವುದು ಅಲ್ಲಿಂದಲೇ. ಹಳ್ಳಿಯಲ್ಲಿ ಬೆಳೆದವರಿಗೆ ಬೆಣಚುಕಲ್ಲು ಗೊತ್ತಿರುತ್ತದೆ. ಹೊಲದ ಬದುವಿನಲ್ಲಿ, ಗುಡ್ಡದ ಇಳಿಜಾರಿನಲ್ಲಿ ಬೆಳ್ಳಗೆ ಹೊಳೆಯುವ ಗಟ್ಟಿ ಕಲ್ಲು. ಕತ್ತಲಲ್ಲಿ ಎರಡು ಬೆಣಚುಕಲ್ಲನ್ನು ಒಂದಕ್ಕೊಂದು ಜೋರಾಗಿ ಉಜ್ಜಿದರೆ ಮಿಣುಕು ಬೆಳಕು ಕಾಣುತ್ತದೆ ಅಂತ ಮಕ್ಕಳು ಆಡುವುದೂ ಉಂಟು. ಪಠ್ಯಪುಸ್ತಕದಲ್ಲಿ ಕ್ವಾರ್ಟ್ಜ್ ಎಂದು ಕರೆಯುವುದು ಇದನ್ನೇ. ಇದು ಹೆಚ್ಚುಕಡಿಮೆ ಪೂರ್ತಿ ಸಿಲಿಕಾ. ಒಂದು ಸಿಲಿಕಾನ್ ಪರಮಾಣುವಿಗೆ ಎರಡು ಆಮ್ಲಜನಕದ ಪರಮಾಣುಗಳ ಲೆಕ್ಕ. ಆದರೆ ಅವು ಮೂರು ಮೂರರ ಗುಂಪಾಗಿ ಬಿಡಿಬಿಡಿಯಾಗಿ ಇರುವುದಿಲ್ಲ. ಪ್ರತಿ ಸಿಲಿಕಾನ್ ಸುತ್ತ ನಾಲ್ಕು ಆಮ್ಲಜನಕ, ಪ್ರತಿ ಆಮ್ಲಜನಕ ಎರಡು ಸಿಲಿಕಾನ್‌ಗಳ ನಡುವೆ ಹಂಚಿಕೆ. ಹೀಗೆ ಎಲ್ಲ ದಿಕ್ಕಿಗೂ ಬಲವಾದ ಬಂಧಗಳು ಹಬ್ಬಿರುತ್ತವೆ. ಅದಕ್ಕೇ ಈ ಕಲ್ಲು ಅಷ್ಟು ಗಟ್ಟಿ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ 10 ವಜ್ರಕ್ಕೆ, 7 ಕ್ವಾರ್ಟ್ಜ್‌ಗೆ. ಸಾಮಾನ್ಯ ಚಾಕುವಿನಿಂದ ಇದರ ಮೇಲೆ ಗೀರು ಎಳೆಯಲು ಆಗುವುದಿಲ್ಲ.

ಭೂಮಿಯ ಮೇಲ್ಪದರದ ತೂಕದಲ್ಲಿ ಆಮ್ಲಜನಕದ ಪಾಲು ಸುಮಾರು 46%, ಸಿಲಿಕಾನ್ ಪಾಲು ಸುಮಾರು 28%. ಅಂದರೆ ನಾವು ತುಳಿಯುವ ನೆಲದ ಮುಕ್ಕಾಲು ಭಾಗ ಇವೆರಡೇ. ಹಾಗಂತ ನೆಲವೆಲ್ಲ ಬೆಣಚುಕಲ್ಲಲ್ಲ. ಬಹುಪಾಲು ಸಿಲಿಕಾನ್ ಅಲ್ಯೂಮಿನಿಯಂ, ಕಬ್ಬಿಣ, ಸೋಡಿಯಂ ಮುಂತಾದವುಗಳ ಜೊತೆ ಸೇರಿ ಬೇರೆ ಬೇರೆ ಖನಿಜಗಳಾಗಿ ಕೂತಿದೆ. ಗ್ರಾನೈಟ್ ಬಂಡೆ ಮಳೆ, ಬಿಸಿಲಿಗೆ ಸಿಕ್ಕಿ ಸಾವಿರಾರು ವರ್ಷ ಸವೆದಾಗ ಅದರಲ್ಲಿನ ಮೆತ್ತಗಿನ ಖನಿಜಗಳು ಕರಗಿ ಜೇಡಿಮಣ್ಣಾಗುತ್ತವೆ. ಕ್ವಾರ್ಟ್ಜ್ ಮಾತ್ರ ಜಗ್ಗುವುದಿಲ್ಲ. ಕಾಳಾಗಿ ಉಳಿದು ಹೊಳೆಯಲ್ಲಿ ಉರುಳಿಕೊಂಡು ಹೋಗುತ್ತದೆ. ನದಿಯ ಮರಳಿನಲ್ಲಿ ಕ್ವಾರ್ಟ್ಜ್ ಜಾಸ್ತಿ ಇರುವುದು ಈ ಕಾರಣಕ್ಕೆ.

ಮರಳನ್ನು ಕರಗಿಸಿದರೆ ಗಾಜು. ಬರೀ ಸಿಲಿಕಾ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು, ಅಷ್ಟು ಬಿಸಿ ಮಾಡುವುದು ಕಷ್ಟ. ಸೋಡಾ ಬೆರೆಸಿದರೆ ಕಡಿಮೆ ಬಿಸಿಗೇ ಕರಗುತ್ತದೆ. ಆದರೆ ಬರೀ ಸೋಡಾ ಹಾಕಿದ ಗಾಜು ನೀರಿನಲ್ಲಿ ಕರಗಿಹೋಗುತ್ತದೆ, ಹಾಗಾಗಿ ಸುಣ್ಣದ ಅಂಶವನ್ನೂ ಸೇರಿಸುತ್ತಾರೆ. ಕಿಟಕಿ ಗಾಜು, ಉಪ್ಪಿನಕಾಯಿ ಬಾಟಲಿ ಎಲ್ಲವೂ ಈ ಬಗೆಯದು.

ಇಲ್ಲಿ ಒಂದು ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬೆಣಚುಕಲ್ಲಿನಲ್ಲಿ ಪರಮಾಣುಗಳು ಸಾಲುಸಾಲಾಗಿ, ಕ್ರಮವಾಗಿ ಕೂತಿರುತ್ತವೆ. ಅದು ಹರಳು ರೂಪದ ಸಿಲಿಕಾ. ಗಾಜಿನಲ್ಲಿ ಆ ಕ್ರಮ ಇರುವುದಿಲ್ಲ. ಇದ್ದ ಹಾಗೇ ಗಟ್ಟಿಯಾಗಿಬಿಟ್ಟ, ಹರಳಲ್ಲದ ರೂಪ. ದೇಹದೊಳಗೆ ಇವೆರಡೂ ನಡೆದುಕೊಳ್ಳುವ ರೀತಿ ಬೇರೆ.

ಹರಳಲ್ಲದ ಸಿಲಿಕಾ ಗಿಡಗಳಲ್ಲೂ ಇದೆ. ಭತ್ತ ಮಣ್ಣಿನಿಂದ ಸಿಲಿಕಾವನ್ನು ಹೀರಿ ಕಾಂಡ, ಎಲೆ, ಹೊಟ್ಟಿನಲ್ಲಿ ತುಂಬಿಕೊಳ್ಳುತ್ತದೆ. ಇದರಿಂದ ಪೈರು ನೆಟ್ಟಗೆ ನಿಲ್ಲುತ್ತದೆ, ಹುಳುಗಳಿಗೆ ಕಡಿಯಲು ಕಷ್ಟವಾಗುತ್ತದೆ. ಭತ್ತದ ಹೊಟ್ಟು ಸುಟ್ಟರೆ ತೂಕದ ಐದನೇ ಒಂದು ಭಾಗದಷ್ಟು ಬೂದಿ ಉಳಿಯುತ್ತದೆ, ಅದರಲ್ಲಿ ಬಹುಪಾಲು ಸಿಲಿಕಾ. ಆ ಕರಿಬೂದಿಯಿಂದ ಹಿಂದಿನವರು ಹಲ್ಲು ಉಜ್ಜುತ್ತಿದ್ದರು, ಪಾತ್ರೆ ತಿಕ್ಕುತ್ತಿದ್ದರು. ಕೊಳೆ ಬಿಡಿಸುವ ಗರಗರ ಗುಣ ಬರುವುದು ಈ ಸಿಲಿಕಾದಿಂದ. ಕಬ್ಬಿನ ಗದ್ದೆಗೆ ಇಳಿದವರ ಕೈಕಾಲು ಗೀರಿಹೋಗುವುದಕ್ಕೂ ಎಲೆಯ ಅಂಚಿನಲ್ಲಿರುವ ಸಿಲಿಕಾ ಕಾರಣ.

ಶೂ ಡಬ್ಬಿಯ ಪೊಟ್ಟಣವೂ ಇದೇ ಜಾತಿಯದು. ಜೆಲ್ ಎಂಬ ಹೆಸರಿದ್ದರೂ ಒಣ ಮಣಿಗಳು. ಪ್ರತಿ ಮಣಿಯಲ್ಲೂ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು. ಒಂದು ಗ್ರಾಂ ಜೆಲ್‌ನ ಒಳಮೈಯನ್ನೆಲ್ಲ ಬಿಡಿಸಿ ಹರಡಬಹುದಾಗಿದ್ದರೆ ನೂರಾರು ಚದರ ಮೀಟರ್ ಆಗುತ್ತದೆ. ಗಾಳಿಯಲ್ಲಿನ ತೇವ ಆ ಮೈಗೆ ಅಂಟಿಕೊಳ್ಳುತ್ತದೆ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಹಿಡಿದರೂ ಮುಟ್ಟಲು ಒಣಗಿಯೇ ಇರುತ್ತದೆ. ‘ತಿನ್ನಬೇಡಿ’ ಎಂದು ಬರೆದಿರುವುದನ್ನು ನೋಡಿ ವಿಷ ಅಂದುಕೊಳ್ಳುವವರು ಜಾಸ್ತಿ. ಬಿಳಿ ಮಣಿಗಳು ವಿಷವಲ್ಲ. ಪುಟ್ಟ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಇದೆ, ಅದಕ್ಕೆ ಆ ಎಚ್ಚರಿಕೆ. ತೇವ ಹೀರಿದಾಗ ನೀಲಿಯಿಂದ ಗುಲಾಬಿಗೆ ತಿರುಗುವ ಮಣಿಗಳ ವಿಷಯ ಬೇರೆ. ಅವುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ಆರೋಗ್ಯಕ್ಕೆ ಒಳ್ಳೆಯದಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಬಣ್ಣದ ಮಣಿಗಳನ್ನು ಇಟ್ಟುಕೊಳ್ಳಲೇಬೇಡಿ.

ಇನ್ನು ಸಿಲಿಕಾನ್. ಸಿಲಿಕಾದಿಂದ ಆಮ್ಲಜನಕವನ್ನು ಕಿತ್ತುಹಾಕಿದರೆ ಉಳಿಯುವ ಮೂಲವಸ್ತು ಇದು. ಪರಮಾಣು ಸಂಖ್ಯೆ 14. ಹೇಳಲು ಸುಲಭ, ಕೀಳುವುದು ಬಲು ಕಷ್ಟ, ಯಾಕೆಂದರೆ ಸಿಲಿಕಾನ್ ಮತ್ತು ಆಮ್ಲಜನಕದ ಬಂಧ ಅಷ್ಟು ಬಿಗಿ. ಫ್ರಾನ್ಸಿನ ಲವಾಸಿಯೆ 18ನೇ ಶತಮಾನದ ಕೊನೆಯಲ್ಲೇ ಸಿಲಿಕಾದೊಳಗೆ ಯಾವುದೋ ಹೊಸ ಮೂಲವಸ್ತು ಇರಬೇಕು ಎಂದು ಊಹಿಸಿದ್ದರು. ಇಂಗ್ಲೆಂಡಿನ ಹಂಫ್ರಿ ಡೇವಿ 1808ರಲ್ಲಿ ಬೇರ್ಪಡಿಸಲು ನೋಡಿದರು, ಆಗಲಿಲ್ಲ. ಕೊನೆಗೆ 1824ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಸಾಧಿಸಿದರು. ಅವರ ಕೈಗೆ ಸಿಕ್ಕಿದ್ದು ಕಂದು ಬಣ್ಣದ ಪುಡಿ. ಅದರಿಂದ ಏನು ಉಪಯೋಗ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಉತ್ತರ ಸಿಗಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಇವತ್ತು ಸಿಲಿಕಾನ್ ತಯಾರಾಗುವುದು ಹೀಗೆ. ಒಳ್ಳೆಯ ಕ್ವಾರ್ಟ್ಜ್ ಕಲ್ಲಿನ ತುಂಡುಗಳನ್ನು ಕಲ್ಲಿದ್ದಲು, ಮರದ ಚಕ್ಕೆಗಳ ಜೊತೆ ದೊಡ್ಡ ವಿದ್ಯುತ್ ಕುಲುಮೆಗೆ ಹಾಕುತ್ತಾರೆ. ಸುಮಾರು 2,000 ಡಿಗ್ರಿ ಬಿಸಿಯಲ್ಲಿ ಇಂಗಾಲವು ಆಮ್ಲಜನಕವನ್ನು ಎಳೆದುಕೊಂಡು ಹೋಗುತ್ತದೆ, ಕೆಳಗೆ ದ್ರವ ಸಿಲಿಕಾನ್ ಇಳಿಯುತ್ತದೆ. ಇದು 98–99% ಶುದ್ಧ. ಅಲ್ಯೂಮಿನಿಯಂ ಜೊತೆ ಬೆರೆಸಿ ಎಂಜಿನ್ ಭಾಗ ಎರಕ ಹೊಯ್ಯಲು ಇಷ್ಟು ಸಾಕು. ಚಿಪ್ ಮಾಡಲು ಏನೇನೂ ಸಾಲದು.

ಚಿಪ್‌ಗೆ ಬೇಕಾದ ಶುದ್ಧತೆ 99.9999999%. ಅಂದರೆ ನೂರು ಕೋಟಿ ಪರಮಾಣುಗಳಲ್ಲಿ ಹೊರಗಿನದ್ದು ಒಂದು ಇರಬಹುದು, ಅಷ್ಟೆ. ಮನುಷ್ಯ ಇಷ್ಟು ದೊಡ್ಡ ಪ್ರಮಾಣದಲ್ಲಿ ಇಷ್ಟು ಶುದ್ಧವಾಗಿ ತಯಾರಿಸುವ ವಸ್ತುಗಳು ತುಂಬಾ ಕಡಿಮೆ. ಗಟ್ಟಿ ಸಿಲಿಕಾನನ್ನು ಹಾಗೇ ತೊಳೆದು ಶುದ್ಧ ಮಾಡಲು ಆಗುವುದಿಲ್ಲ. ಅದಕ್ಕೆ ಒಂದು ಜಾಣ ದಾರಿ ಕಂಡುಕೊಂಡಿದ್ದಾರೆ. ಹೈಡ್ರೋಜನ್ ಕ್ಲೋರೈಡ್ ಅನಿಲದ ಜೊತೆ ಸೇರಿಸಿ ಅದನ್ನು ಟ್ರೈಕ್ಲೋರೋಸಿಲೇನ್ ಎಂಬ ದ್ರವವಾಗಿ ಬದಲಾಯಿಸುತ್ತಾರೆ. ಇದು ಸುಮಾರು 32 ಡಿಗ್ರಿಗೇ ಕುದಿಯುತ್ತದೆ. ದ್ರವವಾದ ಮೇಲೆ ಮತ್ತೆ ಮತ್ತೆ ಕುದಿಸಿ, ಆವಿಯನ್ನು ತಣಿಸಿ ಶುದ್ಧ ಮಾಡುವುದು ಸುಲಭ. ಆಮೇಲೆ ಅದರಿಂದ ಸಿಲಿಕಾನನ್ನು ವಾಪಸ್ ಪಡೆಯುತ್ತಾರೆ.

ಶುದ್ಧವಾದರೆ ಮುಗಿಯಿತು ಅಂತಿಲ್ಲ. ಪರಮಾಣುಗಳ ಸಾಲು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಪ್ಪದೆ ಇರಬೇಕು, ಇಡೀ ತುಂಡು ಒಂದೇ ಹರಳಾಗಿರಬೇಕು. ಇದಕ್ಕೆ ಬಳಸುವ ವಿಧಾನವನ್ನು 1916ರಲ್ಲಿ ಪೋಲೆಂಡಿನ ಯಾನ್ ಚೊಕ್ರಾಲ್‌ಸ್ಕಿ ಕಂಡುಹಿಡಿದರು. ಕರಗಿದ ಸಿಲಿಕಾನ್‌ಗೆ ಒಂದು ಚಿಕ್ಕ ಹರಳಿನ ತುದಿಯನ್ನು ತಾಗಿಸಿ, ತಿರುಗಿಸುತ್ತಾ ನಿಧಾನವಾಗಿ ಮೇಲಕ್ಕೆ ಎಳೆಯುತ್ತಾರೆ. ಸಕ್ಕರೆ ಪಾಕದಲ್ಲಿ ಇಳಿಬಿಟ್ಟ ದಾರದ ಸುತ್ತ ಕಲ್ಲುಸಕ್ಕರೆ ಕಟ್ಟುವ ಹಾಗೆ ಸಿಲಿಕಾನ್ ಅದರ ಸುತ್ತ ಕಟ್ಟಿಕೊಳ್ಳುತ್ತದೆ. ಕೊನೆಗೆ ಸಿಗುವುದು ಆಳೆತ್ತರದ ಬೂದು ಕಂಬ. ಅದನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದರೆ ವೇಫರ್. ಈಗಿನ ದೊಡ್ಡ ಕಾರ್ಖಾನೆಗಳಲ್ಲಿ ವೇಫರಿನ ಅಡ್ಡಳತೆ 300 ಮಿಲಿಮೀಟರ್.

ಕರಗಿದ ಸಿಲಿಕಾನನ್ನು ಇಡುವ ಪಾತ್ರೆಯೂ ಅತಿ ಶುದ್ಧ ಕ್ವಾರ್ಟ್ಜ್‌ನದೇ ಆಗಬೇಕು. ಆ ಮಟ್ಟದ ಕ್ವಾರ್ಟ್ಜ್ ಜಗತ್ತಿನಲ್ಲಿ ತುಂಬಾ ಕಡಿಮೆ ಕಡೆ ಸಿಗುತ್ತದೆ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಸ್ಪ್ರೂಸ್ ಪೈನ್ ಎಂಬ ಚಿಕ್ಕ ಊರು ಅದರಲ್ಲಿ ಮುಖ್ಯವಾದದ್ದು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಬಡಿದು ಅಲ್ಲಿನ ಗಣಿಗಳು ನಿಂತಾಗ ಇಡೀ ಚಿಪ್ ಉದ್ಯಮಕ್ಕೆ ಆತಂಕವಾಯಿತು.

ಇಷ್ಟೆಲ್ಲ ಕಷ್ಟಪಟ್ಟು ಶುದ್ಧ ಮಾಡಿದ ಸಿಲಿಕಾನ್‌ಗೆ ಮತ್ತೆ ಬೇಕೆಂದೇ ಬೇರೆ ವಸ್ತು ಬೆರೆಸುತ್ತಾರೆ. ಯಾಕೆ? ಶುದ್ಧ ಸಿಲಿಕಾನ್‌ನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಪ್ರತಿ ಪರಮಾಣುವಿನ ಹೊರಗಿನ ನಾಲ್ಕು ಎಲೆಕ್ಟ್ರಾನ್‌ಗಳೂ ಬಂಧಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಐದು ಹೊರ ಎಲೆಕ್ಟ್ರಾನ್ ಇರುವ ರಂಜಕವನ್ನು ಚೂರೇ ಚೂರು ಸೇರಿಸಿದರೆ ಒಂದು ಎಲೆಕ್ಟ್ರಾನ್ ಹೆಚ್ಚಾಗಿ ಓಡಾಡಲು ಸಿಗುತ್ತದೆ. ಮೂರೇ ಇರುವ ಬೋರಾನ್ ಸೇರಿಸಿದರೆ ಒಂದು ಜಾಗ ಖಾಲಿ ಉಳಿಯುತ್ತದೆ. ಈ ಎರಡು ಬಗೆಯ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ವಿದ್ಯುತ್ತನ್ನು ಬೇಕಾದಾಗ ಬಿಡುವ, ಬೇಡವಾದಾಗ ತಡೆಯುವ ಸ್ವಿಚ್ ಮಾಡಬಹುದು. ಅದೇ ಟ್ರಾನ್ಸಿಸ್ಟರ್.

1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಮೊದಲ ಟ್ರಾನ್ಸಿಸ್ಟರ್ ಜರ್ಮೇನಿಯಂನದ್ದು, ಸಿಲಿಕಾನ್‌ನದ್ದಲ್ಲ. ಸಿಲಿಕಾನ್ ಟ್ರಾನ್ಸಿಸ್ಟರ್ ಬಂದಿದ್ದು 1954ರಲ್ಲಿ. ಆಮೇಲೆ ಸಿಲಿಕಾನ್ ಗೆದ್ದಿದ್ದಕ್ಕೆ ಎರಡು ಕಾರಣ. ಬಿಸಿಯಾದರೆ ಜರ್ಮೇನಿಯಂ ಹಿಡಿತ ತಪ್ಪುತ್ತದೆ, ಸಿಲಿಕಾನ್ ಇನ್ನೂ ಹೆಚ್ಚು ಬಿಸಿ ತಡೆಯುತ್ತದೆ. ಎರಡನೆಯದು ನನಗೆ ತುಂಬಾ ಹಿಡಿಸಿದ ವಿಷಯ. ಸಿಲಿಕಾನನ್ನು ಆಮ್ಲಜನಕದಲ್ಲಿ ಬಿಸಿ ಮಾಡಿದರೆ ಅದರ ಮೈಮೇಲೆ ತೆಳುವಾದ ಸಿಲಿಕಾ ಪದರ ತಾನಾಗಿಯೇ ಬೆಳೆಯುತ್ತದೆ. ವಿದ್ಯುತ್ ಸೋರದಂತೆ ತಡೆಯುವ, ನೀರಿಗೆ ಕರಗದ, ಒಳಗಿನದನ್ನು ಕಾಯುವ ಪದರ. ಜರ್ಮೇನಿಯಂ ಮೇಲೆ ಬರುವ ಪದರ ನೀರಿನಲ್ಲಿ ಕರಗಿಬಿಡುತ್ತದೆ. ಈ ಪದರವನ್ನೇ ಬಳಸಿಕೊಂಡು 1959ರಲ್ಲಿ ಬೆಲ್ ಲ್ಯಾಬ್ಸ್‌ನ ಮೊಹಮ್ಮದ್ ಅಟಾಲಾ ಮತ್ತು ಡಾವನ್ ಕಾಂಗ್ ಮಾಡಿದ ಟ್ರಾನ್ಸಿಸ್ಟರ್ ಮಾದರಿಯೇ ಮುಂದೆ ಮೊಬೈಲು, ಕಂಪ್ಯೂಟರುಗಳ ಚಿಪ್‌ಗೆ ತಳಪಾಯವಾಯಿತು. 1971ರಲ್ಲಿ ಬಂದ ಇಂಟೆಲ್ 4004 ಚಿಪ್‌ನಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್ ಇದ್ದವು. ಈಗಿನ ಮೊಬೈಲ್ ಚಿಪ್‌ನಲ್ಲಿ ಅದು ನೂರಾರು ಕೋಟಿ ದಾಟಿದೆ.

‘ಸಿಲಿಕಾನ್ ವ್ಯಾಲಿ’ ಎಂಬ ಹೆಸರು ಪತ್ರಿಕೆಯಲ್ಲಿ ಓಡಾಡಲು ಶುರುವಾಗಿದ್ದೂ 1971ರಲ್ಲೇ. ಪತ್ರಕರ್ತ ಡಾನ್ ಹೋಫ್ಲರ್ ಕ್ಯಾಲಿಫೋರ್ನಿಯಾದ ಚಿಪ್ ಕಂಪನಿಗಳ ಬಗ್ಗೆ ಬರೆಯುವಾಗ ಬಳಸಿದರು. ಅಲ್ಲಿ ನಿಜವಾಗಿಯೂ ಸಿಲಿಕಾನ್ ಬಿಲ್ಲೆಗಳ ಮೇಲೆ ಕೆಲಸ ನಡೆಯುತ್ತಿತ್ತು. ಬೆಂಗಳೂರಿಗೆ ಆ ಹೆಸರು ಬಂದಿದ್ದು ಸಾಫ್ಟ್‌ವೇರ್‌ನಿಂದ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದ ಮೇಲೆ ಚಿಪ್ ವಿನ್ಯಾಸದ ಕೆಲಸವೂ ದೊಡ್ಡದಾಗಿ ಬೆಳೆಯಿತು.

ಕರ್ನಾಟಕದಲ್ಲಿ ಸಿಲಿಕಾನನ್ನು ಕಣ್ಣಾರೆ ನೋಡಬೇಕಾದರೆ ಪಾವಗಡಕ್ಕೆ ಹೋಗಬೇಕು. ತುಮಕೂರು ಜಿಲ್ಲೆಯ ಈ ಬರದ ಸೀಮೆಯಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ರೈತರಿಂದ ಭೂಮಿ ಕೊಳ್ಳದೆ ಗುತ್ತಿಗೆಗೆ ಪಡೆದು ಮಾಡಿದ್ದು. ಅಲ್ಲಿನ ನೀಲಿ ಫಲಕಗಳಲ್ಲಿರುವುದು ಮುಖ್ಯವಾಗಿ ಸಿಲಿಕಾನ್. ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನ್‌ಗಳು ಬಂಧದಿಂದ ಬಿಡಿಸಿಕೊಂಡು ಹರಿಯುತ್ತವೆ. 1954ರಲ್ಲಿ ಬೆಲ್ ಲ್ಯಾಬ್ಸ್ ತೋರಿಸಿದ ಸಿಲಿಕಾನ್ ಸೌರಕೋಶ ಬೆಳಕಿನ ಸುಮಾರು 6% ಭಾಗವನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಇವತ್ತು ಮನೆಯ ಮೇಲೆ ಹಾಕುವ ಒಳ್ಳೆಯ ಫಲಕ 20% ದಾಟುತ್ತದೆ.

ಈಗ ಆ ಸೌಟಿಗೆ ಬರೋಣ. 1901ರ ಸುಮಾರಿಗೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಫ್ರೆಡ್ರಿಕ್ ಕಿಪಿಂಗ್ ಎಂಬ ರಸಾಯನ ವಿಜ್ಞಾನಿ ಸಿಲಿಕಾನ್‌ಗೆ ಇಂಗಾಲದ ಗುಂಪುಗಳನ್ನು ಜೋಡಿಸುವ ಪ್ರಯೋಗದಲ್ಲಿದ್ದರು. ಸಿಕ್ಕ ವಸ್ತುಗಳಿಗೆ ಸಿಲಿಕೋನ್ ಎಂದು ಹೆಸರಿಟ್ಟವರು ಅವರೇ. ಪ್ರಯೋಗದಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಅಂಟು ಅಂಟಾದ ಪದಾರ್ಥದಿಂದ ದೊಡ್ಡ ಪ್ರಯೋಜನವೇನೂ ಇಲ್ಲವೆಂದೇ ಅವರು ತಿಳಿದಿದ್ದರು. 1940ರ ದಶಕದಲ್ಲಿ ಅಮೆರಿಕದ ಜೇಮ್ಸ್ ಹೈಡ್, ಯೂಜೀನ್ ರೋಕೊ ಮುಂತಾದವರು ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ದಾರಿ ಕಂಡುಕೊಂಡರು. ಮೊದಲ ದೊಡ್ಡ ಬಳಕೆ ಎರಡನೇ ಮಹಾಯುದ್ಧದ ವಿಮಾನಗಳಲ್ಲಿ.

ಸಿಲಿಕೋನ್‌ನ ಗುಟ್ಟು ಅದರ ಜೋಡಣೆಯಲ್ಲಿದೆ. ಬೆಣಚುಕಲ್ಲಿನಲ್ಲಿ ಸಿಲಿಕಾನ್‌ನ ನಾಲ್ಕೂ ಬಂಧಗಳು ಆಮ್ಲಜನಕದ ಜೊತೆ. ಸಿಲಿಕೋನ್‌ನಲ್ಲಿ ಎರಡು ಮಾತ್ರ ಆಮ್ಲಜನಕದ ಜೊತೆ, ಉಳಿದೆರಡಕ್ಕೆ ಮೀಥೈಲ್‌ನಂಥ ಇಂಗಾಲದ ಗುಂಪು. ಹಾಗಾಗಿ ಎಲ್ಲ ದಿಕ್ಕಿಗೆ ಹಬ್ಬುವ ಬದಲು ಉದ್ದನೆಯ ಸರಪಳಿ ಆಗುತ್ತದೆ. ಸರಪಳಿ ಬಳುಕುತ್ತದೆ, ಹಾಗಾಗಿ ರಬ್ಬರಿನ ಗುಣ. ನಡುವಿನ ಬೆನ್ನೆಲುಬು ಕಲ್ಲಿನಲ್ಲಿದ್ದ ಅದೇ ಬಿಗಿ ಬಂಧದ್ದು, ಹಾಗಾಗಿ 200 ಡಿಗ್ರಿಯ ಆಸುಪಾಸಿನ ಬಿಸಿಗೂ ಕರಗುವುದಿಲ್ಲ. ಹೊರಮೈಯ ಮೀಥೈಲ್ ಗುಂಪು ನೀರನ್ನು ದೂರ ಇಡುತ್ತದೆ. ಸರಪಳಿ ಚಿಕ್ಕದಿದ್ದರೆ ಎಣ್ಣೆ, ಉದ್ದವಿದ್ದು ಒಂದಕ್ಕೊಂದು ಹೆಣೆದರೆ ರಬ್ಬರು. ಬಾತ್‌ರೂಮಿನ ಸಂದು ಮುಚ್ಚುವ ಸೀಲೆಂಟ್, ಕೇಕ್ ಅಚ್ಚು, ಮೊಬೈಲ್ ಕವರ್, ಶ್ಯಾಂಪೂವಿನಲ್ಲಿ ಕೂದಲು ನಯ ಮಾಡುವ ಅಂಶ, ಎಲ್ಲವೂ ಇದೇ. ಮುಟ್ಟಿನ ಕಪ್ಪುಗಳನ್ನು ಹೆಚ್ಚಾಗಿ ಮಾಡುವುದು ವೈದ್ಯಕೀಯ ದರ್ಜೆಯ ಸಿಲಿಕೋನ್‌ನಿಂದ. ಕುದಿಸಿ ಶುಚಿ ಮಾಡಬಹುದು, ವರ್ಷಗಟ್ಟಲೆ ಬಾಳುತ್ತದೆ, ಮೈಗೆ ಒಗ್ಗುತ್ತದೆ. ಕರ್ನಾಟಕ ಸರ್ಕಾರ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ‘ಮೈತ್ರಿ’ ಹೆಸರಿನಲ್ಲಿ ಮುಟ್ಟಿನ ಕಪ್ ಕೊಡುವ ಯೋಜನೆ ತಂದಿದ್ದು ಒಳ್ಳೆಯ ಹೆಜ್ಜೆ.

ಇನ್ನು ಕೊನೆಯ ಹೆಸರು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಬೆಣಚುಕಲ್ಲು ಇಡಿಯಾಗಿದ್ದಾಗ ಯಾರಿಗೂ ತೊಂದರೆ ಇಲ್ಲ. ಮರಳಿನ ಮೇಲೆ ಮಕ್ಕಳು ಆಡಿದರೂ ಏನೂ ಆಗುವುದಿಲ್ಲ, ಮರಳಿನ ಕಾಳು ಶ್ವಾಸಕೋಶದ ಆಳಕ್ಕೆ ಹೋಗದಷ್ಟು ದಪ್ಪ. ಕಲ್ಲನ್ನು ಕೊರೆದಾಗ, ಕೊಯ್ದಾಗ, ಪುಡಿ ಮಾಡಿದಾಗ ಕತೆ ಬದಲಾಗುತ್ತದೆ. ಏಳುವ ಧೂಳಿನಲ್ಲಿ ದಪ್ಪ ಕಣಗಳು ಮೂಗು, ಗಂಟಲಿನಲ್ಲೇ ನಿಂತು ಕಫದ ಜೊತೆ ಹೊರಬರುತ್ತವೆ. ಸುಮಾರು 5 ಮೈಕ್ರಾನ್‌ಗಿಂತ ಚಿಕ್ಕ ಕಣಗಳು ನೇರವಾಗಿ ಶ್ವಾಸಕೋಶದ ಗಾಳಿಚೀಲಗಳಿಗೆ ಇಳಿಯುತ್ತವೆ. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಂದರೆ ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳೇ ಅಪಾಯ. ಮೋಡದಂತೆ ಎದ್ದ ಧೂಳು ಅಡಗಿದ ಮೇಲೂ ಈ ಕಣಗಳು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ.

ಗಾಳಿಚೀಲದಲ್ಲಿ ಕಸ ನುಂಗಿ ಶುಚಿ ಮಾಡುವ ಜೀವಕೋಶಗಳಿವೆ. ಅವು ಸಿಲಿಕಾ ಕಣವನ್ನೂ ನುಂಗುತ್ತವೆ. ಆದರೆ ಹರಳು ಸಿಲಿಕಾವನ್ನು ಕರಗಿಸಲು ಅವುಗಳಿಂದ ಆಗುವುದಿಲ್ಲ. ಆಗತಾನೇ ಒಡೆದ ಹರಳಿನ ಮೈ ರಾಸಾಯನಿಕವಾಗಿ ಇನ್ನೂ ಚುರುಕಾಗಿರುತ್ತದೆ, ಅದು ಜೀವಕೋಶವನ್ನೇ ಕೊಲ್ಲುತ್ತದೆ. ಸತ್ತ ಕೋಶದಿಂದ ಉರಿಯೂತ ತರುವ ವಸ್ತುಗಳು ಮತ್ತು ಅದೇ ಕಣ ಹೊರಬೀಳುತ್ತವೆ. ಇನ್ನೊಂದು ಕೋಶ ಬಂದು ಅದನ್ನು ನುಂಗುತ್ತದೆ, ಅದೂ ಸಾಯುತ್ತದೆ. ಇದು ಹೀಗೇ ನಡೆಯುತ್ತಾ ಸುತ್ತ ಗಾಯದ ಕಲೆಯಂಥ ಗಟ್ಟಿ ಗಂಟುಗಳು ಬೆಳೆಯುತ್ತವೆ. ಉಸಿರಾಡುವ ಜಾಗ ಕುಗ್ಗುತ್ತಾ ಹೋಗುತ್ತದೆ. ಇದೇ ಸಿಲಿಕೋಸಿಸ್. ಆ ಕೆಲಸ ಬಿಟ್ಟು ವರ್ಷಗಳಾದರೂ ಕಾಯಿಲೆ ನಿಲ್ಲದೆ ಬೆಳೆಯುವುದು ಇದಕ್ಕೇ, ಒಳಗೆ ಹೋದ ಕಣ ಅಲ್ಲೇ ಇರುತ್ತದೆ. ಗುಣಪಡಿಸುವ ಔಷಧಿ ಇಲ್ಲ.

ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಧೂಳಿನಲ್ಲಿ ದುಡಿದವರಲ್ಲಿ ಕಾಣಿಸಿಕೊಳ್ಳುತ್ತದೆ. ಧೂಳು ತೀರಾ ಹೆಚ್ಚಿದ್ದರೆ ಕೆಲವೇ ತಿಂಗಳಲ್ಲೂ ಬರಬಹುದು. ಅಮೆರಿಕದ ವೆಸ್ಟ್ ವರ್ಜಿನಿಯಾದ ಹಾಕ್ಸ್ ನೆಸ್ಟ್‌ನಲ್ಲಿ 1930–31ರಲ್ಲಿ ನದಿಯ ನೀರು ತಿರುಗಿಸಲು ಸುರಂಗ ಕೊರೆದರು. ಬಂಡೆಯಲ್ಲಿ ಸಿಲಿಕಾ ಹೇರಳವಾಗಿತ್ತು. ನೀರು ಹಾಯಿಸದೆ ಒಣದಾಗಿ ಕೊರೆಸಿದರು. ದುಡಿದವರಲ್ಲಿ ಹೆಚ್ಚಿನವರು ಬಡ ಕಪ್ಪು ಜನ. ಕಡಿಮೆಯೆಂದರೂ 764 ಮಂದಿ ಸತ್ತರು ಎಂದು ಆಮೇಲಿನ ಅಧ್ಯಯನವೊಂದು ಅಂದಾಜು ಮಾಡಿತು. ಹಾಗೆ ತೆಗೆದ ಕಲ್ಲು ಲೋಹದ ಕಾರ್ಖಾನೆಗೆ ಕಚ್ಚಾವಸ್ತುವಾಗಿ ಹೋಯಿತು.

ನಮ್ಮ ದೇಶದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾಗಿದ್ದು ನಮ್ಮ ನೆಲದಿಂದಲೇ. 1947ರಲ್ಲಿ, ಕೋಲಾರದ ಚಿನ್ನದ ಗಣಿಯಿಂದ. ಕಾರಣ ಭೂಮಿಯೊಳಗೇ ಇದೆ. ಕೆಜಿಎಫ್‌ನಲ್ಲಿ ಚಿನ್ನ ಸಿಗುತ್ತಿದ್ದದ್ದು ಬಂಡೆಯ ನಡುವೆ ಹರಿದ ಕ್ವಾರ್ಟ್ಜ್ ಪಟ್ಟಿಗಳಲ್ಲಿ. ಅಲ್ಲಿನ ಹೆಸರುವಾಸಿ ಚಾಂಪಿಯನ್ ರೀಫ್ ಅಂಥದ್ದೇ. ಚಿನ್ನ ಬೇಕೆಂದರೆ ಬೆಣಚುಕಲ್ಲು ಕೊರೆಯಲೇಬೇಕು. ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಆ ಸೆಖೆಯಲ್ಲಿ, ಆ ಧೂಳಿನಲ್ಲಿ ದುಡಿದವರು ಸಾವಿರಾರು ಮಂದಿ. ಗಣಿ 2001ರಲ್ಲಿ ಮುಚ್ಚಿತು. ಚಿನ್ನದ ಲೆಕ್ಕ ಎಲ್ಲರೂ ಹೇಳುತ್ತಾರೆ, ಎಷ್ಟು ಟನ್ ಬಂತು, ಯಾರಿಗೆ ಹೋಯಿತು ಅಂತ. ಆ ಶ್ವಾಸಕೋಶಗಳ ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಇದು ಹಳೆಯ ಕಾಲದ ಕಾಯಿಲೆ ಅಂದುಕೊಂಡು ಸುಮ್ನೆ ಇರುವ ಹಾಗಿಲ್ಲ. ಗ್ರಾನೈಟ್‌ನಲ್ಲಿ ಕ್ವಾರ್ಟ್ಜ್ ಇದೆ. ಜಲ್ಲಿ ಕ್ರಷರ್, ಎಂ-ಸ್ಯಾಂಡ್ ಘಟಕ, ಗ್ರಾನೈಟ್ ಪಾಲಿಶ್ ಕಾರ್ಖಾನೆ, ಒರಳುಕಲ್ಲು ಕೆತ್ತುವವರು, ಕಾಂಕ್ರೀಟ್ ಗೋಡೆ ಕೊರೆದು ಪೈಪು ಕೂರಿಸುವವರು, ಎಲ್ಲರೂ ಈ ಧೂಳಿನಲ್ಲೇ ಇದ್ದಾರೆ. ಈಗ ಅಡುಗೆಮನೆ ಕಟ್ಟೆಗೆ ‘ಕ್ವಾರ್ಟ್ಜ್’ ಹೆಸರಿನಲ್ಲಿ ಮಾರುವ ಕೃತಕ ಕಲ್ಲು ಬಂದಿದೆ. ಪುಡಿ ಕ್ವಾರ್ಟ್ಜನ್ನು ರಾಳದ ಜೊತೆ ಒತ್ತಿ ಮಾಡಿದ್ದು. ಅದರಲ್ಲಿ ಸಿಲಿಕಾ 90% ದಾಟುವುದೂ ಉಂಟು. ಕೂರಿಸಿದ ಮೇಲೆ ಮನೆಯವರಿಗೆ ಭಯವಿಲ್ಲ, ಭಯ ಇರುವುದು ಅದನ್ನು ಕೊಯ್ಯುವವರಿಗೆ. ಎಳೆಯ ವಯಸ್ಸಿನ ಕೆಲಸಗಾರರಲ್ಲೇ ಕಾಯಿಲೆ ಹೆಚ್ಚಿದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಕಲ್ಲನ್ನೇ ನಿಷೇಧಿಸಿತು.

ಆದರೆ ಈ ಕಾಯಿಲೆ ತಡೆಯುವುದು ಕಷ್ಟವಲ್ಲ. ಕೊಯ್ಯುವ ಜಾಗಕ್ಕೆ ನೀರು ಹಾಯಿಸುತ್ತಿದ್ದರೆ ಧೂಳು ಬಹುಪಾಲು ಏಳುವುದೇ ಇಲ್ಲ. ಧೂಳು ಹುಟ್ಟುವಲ್ಲೇ ಎಳೆದುಕೊಳ್ಳುವ ಯಂತ್ರಗಳಿವೆ. ಮುಖಕ್ಕೆ ಕಟ್ಟಿಕೊಳ್ಳುವ ಟವೆಲ್ಲಿನಿಂದ ಪ್ರಯೋಜನವಿಲ್ಲ, ಆ ಸಣ್ಣ ಕಣಕ್ಕೆ ಬಟ್ಟೆಯ ಸಂದು ದೊಡ್ಡ ಬಾಗಿಲೇ ಸರಿ. ಮುಖಕ್ಕೆ ಸರಿಯಾಗಿ ಕೂರುವ ಎನ್-95 ದರ್ಜೆಯ ಮಾಸ್ಕ್ ಬೇಕು, ಅದೂ ನೀರಿನ ಜೊತೆಗೆ, ನೀರಿನ ಬದಲಿಗಲ್ಲ. ಮನೆ ಕಟ್ಟಿಸುವವರು ಮೇಸ್ತ್ರಿಗೆ ಹೇಳಿ, ಟೈಲ್ಸ್, ಗ್ರಾನೈಟ್ ಕಟ್ ಮಾಡುವಾಗ ನೀರು ಹಾಕಿಸಿ. ನೆಲ ರಾಡಿಯಾಗುತ್ತದೆ ಅಂತ ಬೇಡ ಅನ್ನಬೇಡಿ.

ಕಾಯಿಲೆ ಗುರುತಿಸುವುದರಲ್ಲೂ ಒಂದು ತೊಡಕಿದೆ. ಕೆಮ್ಮು, ಏದುಸಿರು, ತೂಕ ಇಳಿಯುವುದು, ಎಕ್ಸ್-ರೇಯಲ್ಲಿ ಕಲೆಗಳು. ಇವೆಲ್ಲ ಕ್ಷಯದ ಲಕ್ಷಣಗಳೂ ಹೌದು. ಹಾಗಾಗಿ ಸಿಲಿಕೋಸಿಸ್ ಇದ್ದವರಿಗೆ ಕ್ಷಯದ ಮಾತ್ರೆ ಕೊಟ್ಟು ಕಳಿಸುವುದು ನಡೆಯುತ್ತದೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಅಂಟುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಜಾಸ್ತಿ, ಎರಡೂ ಒಟ್ಟಿಗೆ ಇರುವುದೂ ಉಂಟು. ಉಸಿರಿನ ಜೊತೆ ಹೋದ ಹರಳು ಸಿಲಿಕಾ ಶ್ವಾಸಕೋಶದ ಕ್ಯಾನ್ಸರಿಗೂ ಕಾರಣ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ.

ಕಾನೂನಿನಲ್ಲಿ ಸಿಲಿಕೋಸಿಸ್ ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿದೆ, ಪರಿಹಾರಕ್ಕೆ ಹಕ್ಕಿದೆ. ಆದರೆ ದಿನಗೂಲಿಯವರ ಹತ್ತಿರ ಯಾವ ಕ್ವಾರಿಯಲ್ಲಿ, ಯಾರ ಕೈಕೆಳಗೆ ಎಷ್ಟು ವರ್ಷ ದುಡಿದೆ ಎನ್ನುವುದಕ್ಕೆ ಚೀಟಿಯೂ ಇರುವುದಿಲ್ಲ. ರಾಜಸ್ಥಾನ 2019ರಲ್ಲಿ ಇದಕ್ಕೆಂದೇ ನೀತಿ ತಂದು, ಕಾಯಿಲೆ ಖಚಿತವಾದವರಿಗೆ ಸರ್ಕಾರವೇ ನೆರವು ಕೊಡುವ ವ್ಯವಸ್ಥೆ ಮಾಡಿತು. ಕಲ್ಲಿನ ಕೆಲಸ ಇಷ್ಟೊಂದು ಇರುವ ಕರ್ನಾಟಕಕ್ಕೂ ಅಂಥದ್ದು ಬೇಕು.

ನಿಮಗೆ ಗೊತ್ತಿರುವ ಯಾರಾದರೂ ಕ್ವಾರಿಯಲ್ಲೋ, ಕ್ರಷರ್‌ನಲ್ಲೋ, ಗ್ರಾನೈಟ್ ಕಟಿಂಗ್‌ನಲ್ಲೋ ದುಡಿಯುತ್ತಿದ್ದು ಕೆಮ್ಮು ಬಿಡುತ್ತಿಲ್ಲ ಅಂದರೆ, ಆಸ್ಪತ್ರೆಗೆ ಹೋದಾಗ ಮೊದಲು ತಮ್ಮ ಕೆಲಸ ಏನು, ಎಷ್ಟು ವರ್ಷದಿಂದ ಮಾಡುತ್ತಿದ್ದೇನೆ ಎಂದು ಡಾಕ್ಟರಿಗೆ ಹೇಳಲು ತಿಳಿಸಿ. ಡಾಕ್ಟರು ಕೇಳದಿದ್ದರೂ ಹೇಳಬೇಕು. ಕಫದ ಪರೀಕ್ಷೆಯಲ್ಲಿ ಕ್ಷಯ ಇಲ್ಲವೆಂದು ಬಂದರೂ ಎಕ್ಸ್-ರೇಯಲ್ಲಿ ಕಲೆ ಇದ್ದರೆ ‘ಇದು ಸಿಲಿಕೋಸಿಸ್ ಇರಬಹುದೇ’ ಎಂದು ಹೆಸರು ಹಿಡಿದೇ ಕೇಳಲಿ. ಹಳೆಯ ಎಕ್ಸ್-ರೇಗಳನ್ನು, ಕೂಲಿ ಚೀಟಿಗಳನ್ನು ಎಸೆಯದೆ ಒಂದು ಕಡೆ ಎತ್ತಿಟ್ಟುಕೊಳ್ಳಲಿ. ಪರಿಹಾರಕ್ಕೆ ಅರ್ಜಿ ಹಾಕುವಾಗ ಕೆಲಸಕ್ಕೆ ಬರುವುದು ಅವೇ.